ದೂರ ಕಾಣುವ ಎರಡು ಕ್ಯಾಮೆರಾ

“ಎತ್ತಿ ನೋಡಿ ಸಾರ್. ಎತ್ತಿ ನೋಡದೆ ಮಾತಾಡ್ಲಿಕ್ಕಿಲ್ಲ ಮಾರಾಯ್ರೆ,” ಎನ್ನುತ್ತ ಸಾಬಿತ್ ದೊಡ್ಡ ಕ್ಯಾಮೆರಾವನ್ನು ಗಾಜಿನ ಮೇಜಿನ ಮೇಲೆ ಬಸವಲಿಂಗನ ಕಡೆಗೆ ಸರಿಸಿದ.

ಬಸವಲಿಂಗ ಎತ್ತಿದ. ಎಳೆಗೂಸಿನ ಕತ್ತಿಗೆ ಆಸರೆ ಕೊಡುವಂತೆ ಅಡಿಯಿಂದ ಅಂಗೈ ಕೊಡಬೇಕಾದಷ್ಟು ಭಾರವಿತ್ತು ಅದು. ಗುಂಡಿ ಒತ್ತಿದೊಡನೆ ಅದರ ಮೂತಿ ಗುಂಯ್ಯೆಂದು ಮುಂದಕ್ಕೆ ಚಾಚಿತು. ಒಂದು ಕೊಳವೆಯೊಳಗಿಂದ ಇನ್ನೊಂದು ಕೊಳವೆ ಹೊರಬಂದು, ಇನ್ನು ಸಾಕೆನ್ನುವಷ್ಟು ಉದ್ದವಾಗಿ ನಿಂತಿತು. ಅದರ ಕಿಂಡಿಗೆ ಕಣ್ಣಿಟ್ಟವನಿಗೆ ಅಂಗಡಿಯ ಬಾಗಿಲಾಚೆ, ಖತಾರಿನ ಉಮ್ಮ್ ಸಲಾಲದ ಹೆದ್ದಾರಿಯಾಚೆ, ಯಾರದೋ ಕಾಂಪೌಂಡಿನ ಖರ್ಜೂರದ ಮರದ ನೆತ್ತಿಯಲ್ಲಿ ಕುಳಿತ ಬೆಳವವೊಂದು ಕಂಡಿತು. ಬೆಳವವಷ್ಟೇ ಅಲ್ಲ, ಅದರ ಕತ್ತಿನ ಸುತ್ತಲ ಕರಿಯ ಗೆರೆಯೂ ಕಂಡಿತು.

“ಬಾ ಇಲ್ಲೆ, ರಂಜನಿ! ಇಲ್ಲೆ ನಿಂತು ಅಲ್ಲಿ ಬೆಳವದ ಕೊಳ್ಳಾಗಿನ ಗೆರಿ ನೋಡು!”

ಶಿವರಂಜನಿ ಬರಲಿಲ್ಲ. ಅವಳು ಎರಡನೆಯ ಕ್ಯಾಮೆರಾದ ಪಟ್ಟಿಯನ್ನು ಹೆಗಲಿಗೆ ಅಡ್ಡಲಾಗಿ ಹಾಕಿಕೊಂಡು ಅಂಗಡಿಯ ಆ ಗೋಡೆಯಿಂದ ಈ ಗೋಡೆಯವರೆಗೆ ನಡೆಯುತ್ತಿದ್ದಳು. ನಡುವೆ ತಟ್ಟನೆ ನಿಂತು, ಮೊಣಕಾಲನ್ನು ತುಸು ಬಗ್ಗಿಸಿ, ಒಂದೇ ಕೈಯಿಂದ ಅದನ್ನು ಕಣ್ಣಿಗೆ ತರುವಳು. ಮತ್ತೆ ಇಳಿಸಿ ನಡೆಯುವಳು.

“ಅದೇನು ಕೋಲಾಟ ಹಚ್ಚಿ ಅಲ್ಲೆ?”

“ಹಿಡಿದು ನೋಡಾಕತ್ತೇನ್ರಿ.”

“ಹಿಡಿಯೂದೇನು ನೋಡ್ತಿ, ಮುಟ್ಟೂದು ನೋಡು. ನಿನ್ನ ಕೈಯಾಗಿಂದು ಇದರ ಅರ್ಧ ದೂರಾನೂ ಮುಟ್ಟಂಗಿಲ್ಲ.”

ಸಾಬಿತ್ ಇಬ್ಬರನ್ನೂ ನೋಡಿ ಗಡ್ಡ ಕೆರೆದುಕೊಂಡ. ಅವನು ಉಳ್ಳಾಲದವನು; ತಂದೆಯ ಕಾಲದಿಂದ ಈ ಅಂಗಡಿಯಲ್ಲಿ ಗಂಡಹೆಂಡಿರ ಚೌಕಾಸಿಯನ್ನು ಕಂಡವನು. “ಎರಡೂ ಒಳ್ಳೆಯದೇ ಸಾರ್. ಅದು ದೂರದ್ದು ತೆಗೀತದೆ. ಇದು ಬೇಗ ತೆಗೀತದೆ, ಬೆಳಕು ಸ್ವಲ್ಪ ಕಡಿಮೆ ಇದ್ರೂ ತೆಗೀತದೆ. ಒಂದೇ ಹೊಟ್ಟೆಯಲ್ಲಿ ಎರಡೂ ಗುಣ ಇಟ್ಟು ಯಾರೂ ಮಾಡುದಿಲ್ಲ. ಸುಳ್ಳು ಹೇಳಿ ನನಗೆ ಎಂತ ಆಗ್ಲಿಕ್ಕುಂಟು?”

ಬಸವಲಿಂಗನಿಗೆ ಸಂದೇಹವೇ ಇರಲಿಲ್ಲ. ರಾಸ್ ಲಫಾನಿನ ಅನಿಲ ಸ್ಥಾವರವೊಂದರ ಖರೀದಿ ವಿಭಾಗದಲ್ಲಿ ತಲೆ ನರೆಸಿಕೊಂಡವನು ಅವನು. ಕವಾಟವಿರಲಿ, ಪಂಪಿರಲಿ, ಗೋಡೆಗೆ ಹಾಕುವ ಗಡಿಯಾರವಿರಲಿ, ಪೈಪೋಟಿಗೆ ಬಂದ ಎರಡು ಸರಕನ್ನು ಅಕ್ಕಪಕ್ಕದ ಅಂಕಣಗಳಲ್ಲಿ ನಿಲ್ಲಿಸಿ, ಗುಣಕ್ಕೆ ತಕ್ಕ ಅಂಕ ಕೊಟ್ಟು, ಕೂಡಿಸಿ, ಗೆದ್ದುದನ್ನು ತರಿಸುವುದು ಅವನ ಕಸುಬು. ಆ ಕಸುಬು ಮನೆಯೊಳಗೂ ಬಂದು ಬಹುಕಾಲವಾಗಿತ್ತು. ಐನ್ ಖಾಲಿದ್ ಬಡಾವಣೆಯ ಅವರ ಮನೆಯ ಫ್ರಿಜ್ಜು, ಕಾರು, ಮಗಳು ಓದಿದ ಕಾಲೇಜು, ಎಲ್ಲವೂ ಅಂಕಣಗಳಲ್ಲಿ ಗೆದ್ದು ಬಂದವೇ. ಈ ಕ್ಯಾಮೆರಾಗಳಿಗೂ ಅವನು ಒಂದು ವಾರದ ಹಿಂದೆಯೇ ಅಂಕ ಕೊಟ್ಟಿದ್ದ. ದೂರಕ್ಕೆ ಹೆಚ್ಚು, ಭಾರಕ್ಕೆ ಅತಿ ಕಡಿಮೆ. ದೊಡ್ಡದು ನಿರಾಯಾಸವಾಗಿ ಗೆದ್ದಿತ್ತು. ಕಚೇರಿಯಲ್ಲಾದರೆ ಸರಕು ಬಳಸುವ ವಿಭಾಗದವರ ಒಪ್ಪಿಗೆಯಿಲ್ಲದೆ ಖರೀದಿ ಮುಂದೆ ಸಾಗುತ್ತಿರಲಿಲ್ಲ. ಆ ನಿಯಮವೊಂದು ಮಾತ್ರ, ಏಕೋ, ಮನೆಯವರೆಗೆ ಬಂದಿರಲಿಲ್ಲ.

“ಇದನ್ನ ಕಟ್ಟು ಸಾಬಿತ್. ಖಲಾಸ್,” ಎಂದ.

“ಕಟ್ಟಬ್ಯಾಡ್ರಿ ಸಾಬಿತ್,” ಎಂದಳು ಶಿವರಂಜನಿ, ಧ್ವನಿ ಎತ್ತರಿಸದೆ. “ಹಕ್ಕಿ ನೋಡದನ ನಾ ಯಾವುದನ್ನೂ ಒಪ್ಪಂಗಿಲ್ಲ.”

ಸಾಬಿತ್ ನಕ್ಕ. “ನೋಡಿ ಸಾರ್, ಇದು ಕಂಪನಿಯ ಟೆಂಡರ್ ಅಲ್ಲ. ಹಕ್ಕಿ ಅಕ್ಕನದ್ದು. ಯಲ್ಲಾ, ಆಯ್ತು, ಎರಡನ್ನೂ ಕೊಂಡೋಗಿ. ಶುಕ್ರವಾರ ನೋಡಿ, ಭಾನುವಾರ ಒಂದು ವಾಪಸ್ ತನ್ನಿ. ನಿಮ್ಮನ್ನು ನನಗೆ ಗೊತ್ತಿಲ್ವಾ?”

ಆ ಹಕ್ಕಿಯ ವಿಷಯ ಹಿಂದಿನ ಚಳಿಗಾಲದ್ದು. ಆರು ವರ್ಷದ ಹಿಂದೆ ಮಗಳು ಮದುವೆಯಾಗಿ ಹೋದ ಮೇಲೆ ಶಿವರಂಜನಿ ಹಕ್ಕಿ ನೋಡುವವರ ಗುಂಪೊಂದನ್ನು ಸೇರಿದ್ದಳು. ಧಾರವಾಡದಲ್ಲಿ ಸಸ್ಯಶಾಸ್ತ್ರ ಓದಿದವಳು. ಗಿಡದಿಂದ ಗಿಡದ ಮೇಲಿನ ಹಕ್ಕಿಗೆ ಅವಳ ಕಣ್ಣು ಏರಿದ್ದು ಯಾರಿಗೂ ಸೋಜಿಗವಾಗಲಿಲ್ಲ. ಆ ಚಳಿಗಾಲದ ಒಂದು ಮುಂಜಾನೆ ಥಖೀರಾದ ಕಡಲಂಚಿನಲ್ಲಿ, ಉಬ್ಬರದ ನೀರು ರಾಜಹಂಸಗಳ ಹಿಂಡನ್ನು ದಡದ ಹತ್ತಿರಕ್ಕೆ ತಂದಿದ್ದಾಗ, ಒಂದು ಹಕ್ಕಿಯ ಕಾಲಿನಲ್ಲಿ ಹಳದಿಯ ಉಂಗುರವನ್ನು ಕಂಡಳು. ಉತ್ತರದ ಯಾವುದೋ ಉಪ್ಪುಸರೋವರದಲ್ಲಿ, ಅದು ಇನ್ನೂ ಹಾರಲಾರದ ಮರಿಯಾಗಿದ್ದಾಗ ತೊಡಿಸಿದ ಉಂಗುರ. ಮೇಲೆ ಕರಿಯ ಅಕ್ಷರಗಳು. ದುರ್ಬೀನಿನಲ್ಲಿ ಅವನ್ನು ಓದಿದಳು. ಓದಿದ್ದನ್ನು ಗುಂಪಿನ ದಾಖಲೆ ನೋಡಿಕೊಳ್ಳುವ ಯೂಸ್ಟೇಸನಿಗೆ ಹೇಳಿದಳು. ಖತಾರಿನಲ್ಲಿ ಅಂಥ ಉಂಗುರವನ್ನು ಆ ಗುಂಪಿನವರಾರೂ ಆವರೆಗೆ ಓದಿರಲಿಲ್ಲ.

ಯೂಸ್ಟೇಸ್ ಬಜ್ಪೆಯ ಕಡೆಯವನು, ಸಭ್ಯ. ಅವನ ಮನೆಯ ಊಟದ ಮೇಜಿನಲ್ಲೇ ಆ ಮಾತು ಬಂತು. ಅವನ ಹೆಂಡತಿ ಐವಿ ಸಣ್ಣಕ್ಕಿಯ ಪೋಳೆ ಎಂಬ ತೆಳುದೋಸೆ ಬಡಿಸುತ್ತಿದ್ದಳು. “ಮೇಡಂ, ನಿಮ್ಮ ಮೇಲೆ ಡೌಟ್ ಅಂತಲ್ಲ. ಫೋಟೊ ಇಲ್ಲದೆ ಉಂಗುರ ಬರೆಯುವ ಹಾಗಿಲ್ಲ, ರೂಲ್ ಅದು. ಅಷ್ಟು ದೂರದಿಂದ, ನಮ್ಮ ಪ್ರಾಯದ ಕಣ್ಣು…” ಎಂದು ಅವನು ಸಂಕೋಚದಿಂದ ನಿಲ್ಲಿಸಿದ್ದನ್ನು ಬಸವಲಿಂಗ ಕೈಗೆತ್ತಿಕೊಂಡು ಮುಗಿಸಿದ್ದ: “ಯೂಸ್ಟೇಸ್, ಮನಿಯಾಗ ಜೀರಗಿ ಡಬ್ಬಿ ತಗಿ ಅಂದ್ರ ಆಕಿ ಸೋಂಪಿನ ಡಬ್ಬಿ ತಗೀತಾಳ. ನೀ ಅಕ್ಷರದ ಮಾತು ಹೇಳ್ತಿ!”

ಮೇಜಿಗೆ ಮೇಜೇ ನಕ್ಕಿತು. ಶಿವರಂಜನಿಯೂ ನಕ್ಕಳು. ಆಮೇಲೆ ಒಂದು ವರ್ಷ, ತಾನು ಕಂಡ ಯಾವ ಹಕ್ಕಿಯ ಸುದ್ದಿಯನ್ನೂ ಅವಳು ಗಂಡನಿಗೆ ಹೇಳಲಿಲ್ಲ. ಅಡಿಗೆ, ಮಗಳು, ಊರು, ಎಲ್ಲ ಮಾತೂ ಮೊದಲಿನಂತೆಯೇ ನಡೆದಿತ್ತು. ಹಕ್ಕಿಯೊಂದು ಮಾತ್ರ ಮನೆಯಿಂದ ಹಾರಿಹೋಗಿತ್ತು. ಅದು ಬಸವಲಿಂಗನಿಗೆ ಅರಿವಾದದ್ದೇ ತಡವಾಗಿ. ಈ ಚಳಿಗಾಲ ಹಳದಿ ಉಂಗುರದ ಹಕ್ಕಿ ಮತ್ತೆ ಬಂದಿದೆ, ಮಾರ್ಚ್ ಮುಗಿಯುತ್ತಿದೆ, ಹಿಂಡು ದಿನದಿನಕ್ಕೆ ಕರಗುತ್ತಿದೆ, ಹೆಂಡತಿಯ ಹಳೆಯ ಪುಟ್ಟ ಕ್ಯಾಮೆರಾದಲ್ಲಿ ಉಂಗುರ ಬರಿಯ ಹಳದಿ ಚುಕ್ಕೆ, ಇದನ್ನೆಲ್ಲ ಅವನಿಗೆ ತಿಳಿಸಿದವಳು ಐವಿ. ಒಳ್ಳೆಯ ಕ್ಯಾಮೆರಾ ತರೋಣವೆಂದು ಅವನೇ ಮೊದಲು ಮಾತೆತ್ತಿದ. ತಂದರೆ ಪೇಟೆಯಲ್ಲೇ ಅತಿ ದೂರ ಮುಟ್ಟುವುದನ್ನು ತರಬೇಕು, ಅದರಲ್ಲಿ ರಾಜಿಯಿಲ್ಲ.

ಗುರುವಾರ ಸಂಜೆ ಶಿವರಂಜನಿ ಎರಡು ಕ್ಯಾಮೆರಾಗಳನ್ನೂ ಕೆಳಗೆ ನಿಂತ ಕಾರಿನ ಡಿಕ್ಕಿಯಲ್ಲಿಟ್ಟು ಬಂದಳು. ಬಸವಲಿಂಗ ಹೋಗಿ ದೊಡ್ಡದನ್ನು ಮೇಲಕ್ಕೆ ತಂದ. ಬೆಲೆಬಾಳುವ ವಸ್ತು ತಣ್ಣಗಿರಬೇಕು ಎಂಬುದು ಈ ನಾಡಿನಲ್ಲಿ ಬಾಳಿದವರಿಗೆ ಉಸಿರಾಟದಷ್ಟು ಸಹಜವಾದ ನಂಬಿಕೆ. ಅವನ ಸ್ಥಾವರದ ಉಗ್ರಾಣದಲ್ಲಿ ಸೂಕ್ಷ್ಮ ಉಪಕರಣಗಳಿಗೆ ಮನುಷ್ಯರಿಗಿಂತ ಒಳ್ಳೆಯ ತಂಪು ಸಿಗುತ್ತಿತ್ತು. ಅದನ್ನು ಮಲಗುವ ಕೋಣೆಯಲ್ಲಿ ಏಸಿಯ ಎದುರಿಗೇ ಇಟ್ಟ. ಮುಂಜಾನೆ ಹೆಂಡತಿ ಕಾರು ನಡೆಸುತ್ತಿದ್ದಾಗಲೂ ಪೆಟ್ಟಿಗೆಸಹಿತ ತೊಡೆಯ ಮೇಲಿಟ್ಟುಕೊಂಡು, ತಂಗಾಳಿಯ ಕಿಂಡಿಯನ್ನು ಅದರ ಕಡೆಗೆ ತಿರುಗಿಸಿ ಕುಳಿತ.

“ಪೆಟಗಿ ತೊಡಿ ಮ್ಯಾಲ ಯಾಕ್ರಿ, ಕೂಸಿನಂಗ?”

“ನೀ ರಸ್ತೆ ನೋಡು. ಈ ರಸ್ತೆ ನನಗ ಕೈಗೆರಿ ಇದ್ದಂಗ. ಮುಂದ ಕ್ಯಾಮೆರಾ ಐತಿ, ಸ್ಪೀಡ್ ಕಮ್ಮಿ ಮಾಡು.”

“ಮಾಡೇನಿ. ನಿಮಗಿಂತ ಮೊದಲ ನೋಡೇನಿ.”

ಥಖೀರಾ ತಲುಪಿದಾಗ ಸೂರ್ಯ ಇನ್ನೂ ಮೇಲೆ ಬಂದಿರಲಿಲ್ಲ. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವಿನ ಮಣ್ಣಿನ ಏರಿಯ ಮೇಲೆ ಕಾರು ನಿಂತಿತು. ಇಳಿತದ ಹೊತ್ತು, ನೀರು ಬಹುದೂರ ಸರಿದು, ಬೂದು ಬಣ್ಣದ ಕೆಸರ ಬಯಲು ಕನ್ನಡಿಯ ಚೂರುಗಳಂತಹ ಹೊಂಡಗಳನ್ನು ಹೊತ್ತು ಮಲಗಿತ್ತು. ಅದರ ಕಟ್ಟಕಡೆಯಲ್ಲಿ ರಾಜಹಂಸಗಳು. ಬಸವಲಿಂಗ ಅವನ್ನು ನೋಡಿದ್ದು ಇದೇ ಮೊದಲು. ಇಷ್ಟು ವರ್ಷ ಪ್ರತಿದಿನ ಕಂಪನಿಯ ಬಸ್ಸಿನಲ್ಲಿ ಇಲ್ಲಿಗೆ ಹತ್ತಿರದ ದಾರಿಯಲ್ಲೇ ನಿದ್ದೆ ಮಾಡುತ್ತ ಹೋಗಿದ್ದೆನಲ್ಲ ಎಂದುಕೊಂಡ. ಬಡಗಣ ದಿಗಂತದಲ್ಲಿ ಅವನ ಸ್ಥಾವರದ ಕಡೆಯ ಜ್ವಾಲೆಯೊಂದು ಉಗುರಿನಷ್ಟೇ ಕಾಣುತ್ತಿತ್ತು.

“ಬೆಳಕು ಐತಿ, ಗಾಳಿ ತಣ್ಣಗೈತಿ. ಇದ ಹೊತ್ತು,” ಎಂದಳು ಶಿವರಂಜನಿ. “ತಡಿಯಿಂದನ ಓದಬಹುದು. ನಿಮ್ಮದನ್ನ ಕೊಡ್ರಿ ಮೊದಲ.”

‘ನಿಮ್ಮದು’ ಎಂದದ್ದು ಬಸವಲಿಂಗನಿಗೆ ಹಿತವೇ ಆಯಿತು. ಪೆಟ್ಟಿಗೆ ಬಿಚ್ಚಿ ಹೆಮ್ಮೆಯಿಂದ ಕೊಟ್ಟ. ಅವಳು ಮುಕ್ಕಾಲಿಯ ಮೇಲೆ ಅದನ್ನು ಕೂರಿಸಿ, ಮೂತಿ ಚಾಚಿಸಿ, ಕಿಂಡಿಗೆ ಕಣ್ಣಿಟ್ಟಳು. ಇಟ್ಟವಳು ಹಾಗೆಯೇ ತಲೆಯೆತ್ತಿ ಗಾಜನ್ನು ನೋಡಿದಳು. ಕಡಲಿನ ತೇವದ ಗಾಳಿ ತಾಕಿದ್ದೇ ತಡ, ಅದು ಹಾಲು ಬಳಿದಂತೆ ಬೆಳ್ಳಗಾಗಿತ್ತು.

ಬಸವಲಿಂಗ ಕರವಸ್ತ್ರದಿಂದ ಒರೆಸಿದ. ತಿಳಿಯಾಯಿತು, ನೋಡನೋಡುತ್ತ ಮತ್ತೆ ಬೆಳ್ಳಗಾಯಿತು. ಮತ್ತೆ ಒರೆಸಿದ.

“ಒರಸಬ್ಯಾಡ್ರಿ. ಒಳಗೂ ಹಿಡದೈತಿ.” ಅವಳು ಕ್ಯಾಮೆರಾದ ಮೈಮೇಲೆ ಅಂಗೈ ಇಟ್ಟಳು. “ಮಂಜಿನಗಡ್ಡಿ ಆಗೈತಲ್ಲ! ಎಲ್ಲಿಟ್ಟಿದ್ರಿ ಇದನ್ನ?”

“ಬೆಡ್‌ರೂಮಿನಾಗ. ಏಸಿ ಮುಂದ.”

“ಅದಕ್ಕಂತನ ನಾ ಡಿಕ್ಕಿಯಾಗ ಇಟ್ಟಿದ್ದೆ. ಹೊರಗಿನ ಗಾಳಿಗೆ ಹೊಂದಲಿ ಅಂತ.”

“ಹೇಳಬೇಕಿತ್ತಿಲ್ಲ ನೀ?”

“ಕೇಳಬೇಕಿತ್ತಿಲ್ಲ ನೀವು?”

ಅವಳು ಡಿಕ್ಕಿಯಿಂದ ಸಣ್ಣ ಕ್ಯಾಮೆರಾ ತೆಗೆದು ನೋಡಿದಳು. ಅದರ ಗಾಜು ತಿಳಿಯಾಗಿತ್ತು. ಆದರೆ ಹಕ್ಕಿಗಳು ಇಲ್ಲಿಂದ ಅದರ ಅಳವಿಗೆ ಮೀರಿದವು. ಕಾಲು ಕಂಡರೆ ಉಂಗುರ ಕಾಣದು, ಉಂಗುರ ಕಂಡರೆ ಅಕ್ಷರ ಕಾಣದು. ಕಾಯಬೇಕಾಯಿತು. ಬಸವಲಿಂಗ ದೊಡ್ಡ ಕ್ಯಾಮೆರಾವನ್ನು ಎರಡೂ ಕೈಯಿಂದ ಎದೆಗವಚಿಕೊಂಡು ಅದಕ್ಕೆ ಮೈಬಿಸಿ ಕೊಡುತ್ತ ನಿಂತ. ಶಿವರಂಜನಿ ಅವನನ್ನು ನೋಡಿ ನಗು ತಡೆಯಲಾರದೆ ಮುಖ ತಿರುಗಿಸಿ, ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಅವನ ತುಟಿಗೆ ತಾನೇ ಹಿಡಿದಳು, ಅವನ ಕೈಗಳು ಖಾಲಿಯಿರಲಿಲ್ಲವಾದ್ದರಿಂದ.

ಗಾಜು ತಿಳಿಯಾಗುವಷ್ಟರಲ್ಲಿ ಸೂರ್ಯ ಕಾಂಡ್ಲಾ ಗಿಡಗಳ ಮೇಲೆ ಬಂದಿದ್ದ. ಈ ನಾಡಿನಲ್ಲಿ ಸೂರ್ಯ ಏರುವುದಿಲ್ಲ, ನೆಗೆಯುತ್ತಾನೆ. ಬಸವಲಿಂಗನೇ ಮೊದಲು ನೋಡಿದ. ದೊಡ್ಡ ಕ್ಯಾಮೆರಾ ಆಡಿದ ಮಾತಿಗೆ ತಪ್ಪಲಿಲ್ಲ: ಅಷ್ಟು ದೂರದ ಹಕ್ಕಿ ಕಿಂಡಿಯ ತುಂಬ ಬಂದು ನಿಂತಿತು. ಆದರೆ ನಿಂತದ್ದು ನಿಂತಂತಿರಲಿಲ್ಲ. ಬಿಸಿಯೇರಿದ ಕೆಸರಿನಿಂದ ಎದ್ದ ಗಾಳಿ ಬಿಸಿಲ್ಗುದುರೆಯಾಗಿ ಕುಣಿಯುತ್ತಿತ್ತು. ಹಕ್ಕಿಯ ನೀಳಗಾಲು ನೀರಿನಲ್ಲಿ ಬಿಟ್ಟ ದಾರದಂತೆ ಬಳುಕುತ್ತಿತ್ತು. ಹತ್ತಿರ ತಂದಷ್ಟೂ ಆ ನಡುಕವೂ ಹತ್ತಿರ ಬಂತು. ಒಂದು ಹಕ್ಕಿ, ಇನ್ನೊಂದು ಹಕ್ಕಿ, ಬೂದಿಬಣ್ಣದ ಮರಿ, ಅದರ ಹಿಂದೆ…

“ಐತಿ! ರಂಜನಿ, ಹಳದಿ ಐತಿ! ಬೂದಿಬಣ್ಣದ ಮರಿ ಹಿಂದ!”

ಅವಳು ಅವನನ್ನು ಸರಿಸಿ ನೋಡಿದಳು. ಬಹಳ ಹೊತ್ತು ನೋಡಿದಳು. “ಹೌದು, ಅದ,” ಎಂದಳು. “ಅಕ್ಷರ ಮಾತ್ರ ಓದಾಕ ಬರಂಗಿಲ್ಲ. ಇನ್ನ ಬಿಸಲು ಏರತೈತಿ ಹೊರತು ಇಳಿಯಂಗಿಲ್ಲ.”

“ಸಂಜಿಗೆ ಬರೂಣು.”

“ಸಂಜಿಗೆ ಎದುರು ಬಿಸಲು. ನಾಳೆ ಇವು ಇರ್ತಾವ ಅಂತ ಯಾರು ಹೇಳ್ಯಾರು? ಹೋದ ವಾರ ಇದರ ಎರಡರಷ್ಟು ಇದ್ದುವು.” ಅವಳು ಚಪ್ಪಲಿ ಕಳಚಿ ರಬ್ಬರಿನ ಬೂಟು ಹಾಕಿಕೊಳ್ಳತೊಡಗಿದಳು. “ನಾ ಹತ್ತಿರ ಹೋಗಿ ಬರ್ತೇನಿ.”

“ಕೆಸರಾಗ?”

“ಕೆಸರಿನಾಗ ಮರಳಿನ ದಿಬ್ಬಿನ ಹಾದಿ ಐತಿ. ಆರು ವರ್ಷದಿಂದ ನಡದೇನಿ.” ಸಣ್ಣ ಕ್ಯಾಮೆರಾವನ್ನು ಹೆಗಲಿಗೆ ಅಡ್ಡಲಾಗಿ ಹಾಕಿಕೊಂಡು, ಒಂದು ಕೈಯಲ್ಲಿ ಊರುಗೋಲು ಹಿಡಿದು ಎದ್ದಳು. “ಇದು ನನಗಿರಲಿ. ಅದನ್ನ ಭಾನುವಾರ ಸಾಬಿತಗ ಮುಟ್ಟಸ್ರಿ.”

“ಆ ಸಣ್ಣದರಾಗ ಇನ್ನೂ ಒಂದು ಫೋಟೊನೂ ತಗದಿಲ್ಲ ನೀ!”

“ಅದಕ್ಕ ಹೊಂಟೇನಿ. ಆ ದೊಡ್ಡದನ್ನ ಹೊತಗೊಂಡು ನನಗ ನಡಿಯಾಕ ಆಗಂಗಿಲ್ಲ, ಒಂದ ಕೈಯಾಗ ಎತ್ತಾಕೂ ಆಗಂಗಿಲ್ಲ. ನಡಿಯಾಕ ಬಂದ್ರ ದೂರ ತಾನ ಕಮ್ಮಿ ಆಕ್ಕೈತಿ.” ಅವನ ಫೋನಿಗೆ ಕರೆ ಮಾಡಿ, ಇಯರ್‌ಫೋನನ್ನು ಕಿವಿಗೆ ಸಿಕ್ಕಿಸಿಕೊಂಡು, ಏರಿಯಿಳಿಯುತ್ತ ತಿರುಗಿ ಹೇಳಿದಳು: “ಫೋನ್ ಕಟ್ ಮಾಡಬ್ಯಾಡ್ರಿ. ಹಕ್ಕಿ ಎಲ್ಲೈತಿ ಅಂತ ಅಲ್ಲಿಂದ ನೀವು ಹೇಳ್ರಿ. ಕೆಳಗ ಹೋದ ಮ್ಯಾಲ ನನಗ ಬರೇ ಕಾಲು ಕಾಣ್ತಾವ.”

ಅವಳು ನೆಟ್ಟಗೆ ಹಕ್ಕಿಗಳ ಕಡೆಗೆ ನಡೆಯಲಿಲ್ಲ. ಓರೆಯಾಗಿ ನಡೆದಳು, ನಿಂತಳು, ಬಗ್ಗಿ ಏನನ್ನೋ ಆಯುವವಳಂತೆ ಕೆಸರು ಕೆದಕಿದಳು, ಮತ್ತೆ ಇನ್ನೊಂದು ಓರೆಗೆ ತಿರುಗಿದಳು. ಬಸವಲಿಂಗ ಫೋನನ್ನು ಅಂಗಿಯ ಜೇಬಿನಲ್ಲಿಟ್ಟು, ದೊಡ್ಡ ಕ್ಯಾಮೆರಾದ ಕಿಂಡಿಯಿಂದ ಕಣ್ಣು ಕೀಳದೆ ಹೇಳುತ್ತಿದ್ದ: “ಮರಿ ಎಡಕ್ಕ ಸರದೈತಿ. ನಮ್ಮದೂ ಎಡಕ್ಕ ಬಂತು. ಇನ್ನೂ ಎಡಕ್ಕ. ಅಡ್ಡ ಒಂದು ದೊಡ್ಡದು ನಿಂತೈತಿ, ತಡಿ. ಹಾಂ, ಸರೀತು.” ತಾನು ‘ನಮ್ಮದು’ ಎಂದದ್ದು ಅವನ ಗಮನಕ್ಕೆ ಬರಲಿಲ್ಲ.

ಒಮ್ಮೆಲೇ ಹಿಂಡಿನ ತಲೆಗಳೆಲ್ಲ ಮೇಲೆದ್ದವು. ಅಷ್ಟೂ ಕೊರಳು ನೆಟ್ಟಗೆ ನಿಂತವು.

“ರಂಜನಿ, ಎದ್ದುವು!”

“ಸುಮ್ಮನಿರ್ರಿ,” ಎಂದಿತು ಜೇಬು.

ಅವಳು ಕ್ಯಾಮೆರಾ ಮುಟ್ಟಲಿಲ್ಲ. ಹಕ್ಕಿಗಳಿಗೆ ಬೆನ್ನು ತಿರುಗಿಸಿ, ಗದ್ದೆಯ ಬದುವಿನ ಮೇಲೆ ಹೊತ್ತು ಕಳೆಯುವವಳಂತೆ, ಏರಿಯ ಕಡೆಗೆ, ಅವನ ಕಡೆಗೆ, ಮುಖ ಮಾಡಿ ನಿಂತುಬಿಟ್ಟಳು. ಬಸವಲಿಂಗ ಅವಳ ಮುಖವನ್ನು ಕಿಂಡಿಯ ತುಂಬ ಕಂಡ. ನಡುಗುವ ಗಾಳಿಯಲ್ಲೂ ಅದು ತಿಳಿಯಿತು: ಅಂಜಿಕೆಯಿರಲಿಲ್ಲ, ಅವಸರವಿರಲಿಲ್ಲ, ಒಲೆಯ ಮೇಲೆ ಹಾಲಿಟ್ಟು, ಉಕ್ಕುವ ಹೊತ್ತನ್ನು ಬಲ್ಲವಳ ಮುಖ. ಅವಳು ಇಂಥ ಕಡೆ ಹೀಗೆ ನಿಲ್ಲುವುದನ್ನು ಅವನು ಆರು ವರ್ಷದಲ್ಲಿ ಒಮ್ಮೆಯೂ ಕಂಡಿರಲಿಲ್ಲ.

ಒಂದೊಂದಾಗಿ ಕೊರಳುಗಳು ಬಾಗಿದವು. ಹಿಂಡು ಮೇಯತೊಡಗಿತು.

“ಈಗೆಲ್ಲೈತ್ರಿ?” ಬಹಳ ಮೆಲ್ಲಗೆ ಕೇಳಿದಳು.

“ನಿನ್ನ ಬೆನ್ನಿಗೆ ನೆಟ್ಟಗ. ಅಡ್ಡ ಏನೂ ಇಲ್ಲ.”

ಅವಳು ತಿರುಗಿದಳು. ಮೊಣಕಾಲು ತುಸು ಬಗ್ಗಿತು. ಕೋಲು ಹಿಡಿದ ಕೈ ಕೋಲನ್ನೇ ಹಿಡಿದಿರುವಂತೆ, ಇನ್ನೊಂದು ಕೈ ಕ್ಯಾಮೆರಾವನ್ನು ಕಣ್ಣಿಗೆ ತಂದಿತು. ಅಷ್ಟೇ. ಆಮೇಲೆ ಅದನ್ನು ಇಳಿಸಿ, ನೆರಳಿಗೆ ದುಪಟ್ಟಾ ಮರೆಮಾಡಿ, ಹಿಂಬದಿಯ ಪರದೆಯ ಮೇಲೆ ತಲೆ ಬಾಗಿಸಿದಳು. ಹೊತ್ತು ಹೋಯಿತು. ಬಸವಲಿಂಗ ಕೇಳಬಾರದೆಂದು ಹಲ್ಲು ಕಚ್ಚಿ ನಿಂತಿದ್ದ.

ಅವಳು ಪರದೆಯನ್ನು ಏರಿಯ ಕಡೆಗೆ ತಿರುಗಿಸಿ, ತಲೆಯ ಮೇಲೆ ಎತ್ತಿ ಹಿಡಿದಳು. ಬಸವಲಿಂಗ ದೊಡ್ಡ ಕ್ಯಾಮೆರಾದ ಮೂತಿಯನ್ನು ಇನ್ನು ಚಾಚಲಾರದಷ್ಟು ಚಾಚಿಸಿದ. ಪರದೆ ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಅದರೊಳಗೆ ಹಳದಿಯ ಒಂದು ಪಟ್ಟೆ. ಪಟ್ಟೆಯ ಮೇಲೆ ಕರಿಯದೇನೋ. ಅದು ಬಿಸಿಲಿನಲ್ಲಿ ಬಳುಕಿತು, ಕೂಡಿತು, ಒಡೆಯಿತು.

“ಕಂಡೂವೇನ್ರಿ?”

ಕಂಡವೆಂದು ಹೇಳಿಬಿಡಬಹುದಿತ್ತು. ಬಸವಲಿಂಗ ಕಿಂಡಿಯಿಂದ ಕಣ್ಣು ತೆಗೆದು ಮುಖ ಒರೆಸಿಕೊಂಡ. ಹೋದ ವರ್ಷ ಅವಳು ಓದಿದ ಅಕ್ಷರಗಳು ಯಾವುವೆಂದು ತಾನು ಕೇಳಿಯೇ ಇಲ್ಲ ಎಂಬುದು ಅವನಿಗೆ ಹೊಳೆಯಿತು.

“ನನಗೆಲ್ಲಿ ಕಾಣ್ತಾವು ಇಲ್ಲಿಂದ? ನೀ ಓದು,” ಎಂದ. “ನಾ ಬರಕೋತೇನಿ.”

ಅವಳು ಎತ್ತಿದ ಕ್ಯಾಮೆರಾವನ್ನು ಇಳಿಸಿ ಮತ್ತೆ ಪರದೆಗೆ ಬಾಗಿದಳು.

“ಹೋದ ವರ್ಷ ಹೇಳಿದ್ದ ಅದಾವ. ಒಂದೂ ಫರಕಿಲ್ಲ,” ಎಂದಳು. “ಬರಕೋರಿ.”

ಅವನ ಬಳಿ ಪೆನ್ನೂ ಇರಲಿಲ್ಲ, ಕಾಗದವೂ ಇರಲಿಲ್ಲ. ಕಾರಿನ ಬಾನೆಟ್ಟಿನ ಮೇಲೆ ದಾರಿಯುದ್ದದ ಧೂಳು ಹಿಟ್ಟು ಚೆಲ್ಲಿದಂತೆ ಕೂತಿತ್ತು. ಬಸವಲಿಂಗ ಅಂಗಿಯ ತೋಳು ಮೇಲೆ ಸರಿಸಿ ತೋರುಬೆರಳು ಚಾಚಿದ. ಅವಳು ಒಂದೊಂದೇ ಅಕ್ಷರ ಹೇಳಿದಳು. ಅವನು ಒಂದೊಂದನ್ನೂ ಗಟ್ಟಿಯಾಗಿ ಮರುನುಡಿದು, ದೊಡ್ಡದಾಗಿ, ಅಂಗೈ ತಾಗದಂತೆ ಎಚ್ಚರವಹಿಸಿ ಆ ಧೂಳಿನಲ್ಲಿ ಬರೆದ. ಬರೆದಾದ ಮೇಲೆ ಗಾಳಿ ಬೀಸುವ ಬದಿಗೆ ಬಂದು, ಆ ಅಕ್ಷರಗಳಿಗೆ ಬೆನ್ನಿನಿಂದ ಮರೆಮಾಡಿ, ಅವಳು ಓರೆಓರೆಯಾಗಿ ಮರಳಿ ಬರುವುದನ್ನೇ ನೋಡುತ್ತ ನಿಂತ.